ಹೆಸರಿಡದ ಕೂಸೂ ಮನೆಯ ಮಗುವೇ

ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸುವಾಗ ಹೊಟ್ಟೆಯಲ್ಲೇ ತೀರಿಕೊಂಡು ಹುಟ್ಟಿದ ಮಗುವನ್ನು ಯಾರೂ ಬರೆಸುವುದಿಲ್ಲ. ಹೆಳವರು ಬಂದು ವಂಶ ಹೇಳಿದರೂ ಅಷ್ಟೇ, ಹೆಸರೇ ಇಡದ ಕೂಸನ್ನು ಅವರು ಏನೆಂದು ಕರೆದಾರು? ಹಾಗಂತ ಆ ಅಣ್ಣನದೋ ಅಕ್ಕನದೋ ಗುರುತೇ ಇಲ್ಲ ಅಂದುಕೊಳ್ಳಬೇಡಿ.

1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ನಿರ್ಜೀವ ಜನನವೂ ಜನನವೇ. 28 ವಾರ ತುಂಬಿದ್ದರೆ ಬರೆಸಲೇಬೇಕು. ಅದಕ್ಕೆ ನಮೂನೆ 3 ಬೇರೆಯೇ ಇದೆ, ರಿಜಿಸ್ಟರೂ ಬೇರೆ. ಅದರಲ್ಲಿ ಮಗುವಿನ ಹೆಸರಿಗೆ ಜಾಗವಿಲ್ಲ. ಹುಟ್ಟಿದ ದಿನ, ಗಂಡೋ ಹೆಣ್ಣೋ, ಅಪ್ಪ ಅಮ್ಮನ ಹೆಸರು, ಊರು ಇರುತ್ತವೆ. ಹಾಗಾಗಿ ಅಮ್ಮನ ಹೆಸರು ಹೇಳಿ ಹುಡುಕಿಸಿ. ಶುಲ್ಕ ಕಟ್ಟಿ ಹುಡುಕಿಸಲು ಕಾಯ್ದೆಯ 17ನೇ ಕಲಂನಲ್ಲಿ ಅವಕಾಶವಿದೆ. ‘ಸತ್ತ ಮಗುವಿನ ದಾಖಲೆ ನಿಮಗ್ಯಾಕೆ’ ಎಂದು ಕೇಳುವವರು ಇರುತ್ತಾರೆ. ಆಸ್ತಿ ಇದ್ದರೆ ಮಾತ್ರ ದಾಖಲೆ ಕೇಳಬೇಕು ಎನ್ನುವ ಈ ಬುದ್ಧಿ ನಮಗೆ ಹಿಡಿಸುವುದಿಲ್ಲ.

ಇನ್ನೊಂದು ಮಾತು. ಹೆರಿಗೆ ಎಲ್ಲಾಯಿತೋ ಅಲ್ಲೇ ನೋಂದಣಿ. ಚೊಚ್ಚಲ ಹೆರಿಗೆ ತವರಿನಲ್ಲಿ ತಾನೇ? ನಿಮ್ಮೂರಲ್ಲಿ ಸಿಗದಿದ್ದರೆ ಅಜ್ಜಿಯ ಊರಿಗೆ, ಆ ತಾಲ್ಲೂಕು ಕಚೇರಿಗೆ ಹೋಗಿ. ಮನೆಯಲ್ಲೇ ಹೆರಿಗೆಯಾಗಿ ಯಾರೂ ಬರೆಸದೆ ಬಿಟ್ಟದ್ದೂ ಉಂಟು. ಆಗ ಉಳಿಯುವುದು ಅಮ್ಮನ ನೆನಪೊಂದೇ.

ಅದಕ್ಕೇ ಕಚೇರಿಗೆ ಹೋಗುವ ಮೊದಲು ಅಮ್ಮನನ್ನು ಕೇಳಿ. ತಾರೀಖು ಮರೆತಿದ್ದರೂ ಸುಗ್ಗಿಯೋ ಜಾತ್ರೆಯೋ ನೆನಪಿರುತ್ತದೆ. ಅಳು ಬಂದರೆ ಅವತ್ತಿಗೆ ಬಿಟ್ಟು ಇನ್ನೊಂದು ದಿನ ಕೇಳಿ.