ಉಡಿಯ ಬೀಜವೂ ಸಂಘದ ಹಣವೂ

ಕೂರಿಗೆಯ ಬಟ್ಟಲಿಗೆ ಕಾಳು ಬಿಡುವ ಕೆಲಸವನ್ನು ನಮ್ಮ ಹಿರಿಯರು ಹೆಣ್ಣುಮಕ್ಕಳಿಗೇ ವಹಿಸಿದ್ದರು. ಉಡಿ ತುಂಬ ಬೀಜ ಕೊಟ್ಟ ಮೇಲೆ ಸಾಲುಸಾಲಿಗೂ ಲೆಕ್ಕ ಕೇಳುತ್ತಿರಲಿಲ್ಲ. ವರುಷದ ಅನ್ನವನ್ನೇ ಆ ಕೈಗೆ ನಂಬಿದ ನಾವು, ಅದೇ ಕೈಗೆ ನಾಲ್ಕು ರೂಪಾಯಿ ಕೊಡುವಾಗ ಮಾತ್ರ ಹಿಂದೆಮುಂದೆ ನೋಡುತ್ತೇವೆ.

ಕುರನೂರಿನಂಥ ಊರಿಗೆ ದಾನಿಗಳು ಬಂದರೆ ಹೊಲಿಗೆ ಯಂತ್ರವನ್ನೋ ಸೀರೆಯನ್ನೋ ಹಂಚಿ, ಪಟ ತೆಗೆಸಿಕೊಂಡು ಹೋಗುತ್ತಾರೆ. ಹೆಣ್ಣುಮಕ್ಕಳಿಗೆ ಬೇಕಾದದ್ದು ಬೇರೆ. ಗಂಡ ತೀರಿದವಳ ಹೆಸರು ಹೊಲದ ಉತಾರೆಗೆ ಏರಬೇಕು. ಅದಕ್ಕಾಗಿ ಅಕ್ಕಲಕೋಟೆಗೆ ನಾಲ್ಕಾರು ಸಲ ತಿರುಗಬೇಕು, ಮರಾಠಿ ಕಾಗದ ಓದಿ ಹೇಳುವವರು ಬೇಕು, ಜೊತೆಗೆ ನಿಲ್ಲುವ ನಾಲ್ಕು ಮಂದಿ ಬೇಕು. 1994ರಲ್ಲಿ ಮಹಾರಾಷ್ಟ್ರದಲ್ಲಿ, 2005ರಲ್ಲಿ ಇಡೀ ದೇಶದಲ್ಲಿ, ಪಿತ್ರಾರ್ಜಿತದಲ್ಲಿ ಹಿಂದೂ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಬಂದಿತು. ಕಾಯಿದೆ ಬಂದರೂ ಬಸ್ಸಿನ ಚಾರ್ಜಿಗೆ ಹಣವಿಲ್ಲದೆ ಹಕ್ಕು ಅಕ್ಕಲಕೋಟೆಯಲ್ಲೇ ಉಳಿಯುವುದುಂಟು.

ಭೀಮೆಯ ಆಚೆ, ಆಗಿನ ಬಿಜಾಪುರ ಜಿಲ್ಲೆಯಲ್ಲಿ, ಡಚ್ಚರ ಸರಕಾರದ ನೆರವಿನಿಂದ 1989ರ ಸುಮಾರಿಗೆ ಮಹಿಳಾ ಸಮಖ್ಯಾ ಕಾರ್ಯಕ್ರಮ ಆರಂಭವಾಯಿತು. ಇಷ್ಟು ದಿನದಲ್ಲಿ ಇಷ್ಟು ಕೆಲಸವೆಂದು ಮೇಲಿನಿಂದ ಗುರಿ ಹೇರದೆ, ಮೊದಲು ಯಾವುದಕ್ಕೆ ಕೈಹಾಕಬೇಕೆಂಬುದನ್ನು ಸಂಘದ ಹೆಂಗಸರಿಗೇ ಬಿಟ್ಟರು. ಕೂಲಿ, ಬಾಲ್ಯವಿವಾಹ, ಹೆಣ್ಣುಮಕ್ಕಳ ಓದು ಇವೆಲ್ಲ ಸಂಘದಲ್ಲಿ ಚರ್ಚೆಗೆ ಬಂದವು. ಅದಕ್ಕೂ ಮುಂಚೆ, 1987ರಲ್ಲಿ, ಕರ್ನಾಟಕದ ಮೈರಾಡ ಸಂಸ್ಥೆಗೆ ನಬಾರ್ಡ್ 10 ಲಕ್ಷ ರೂಪಾಯಿ ಕೊಟ್ಟು, ಬಡವರ ಸಂಘಗಳ ಉಳಿತಾಯಕ್ಕೆ ಸರಿಸಮ ಹಣ ಸೇರಿಸುವ ದಾರಿ ತೋರಿತು.

ಆದರೆ 2016ರ ಸುಮಾರಿಗೆ ಸಮಖ್ಯಾಕ್ಕೆ ಕೇಂದ್ರದ ನೆರವು ನಿಂತಿತು. ಒಂದೇ ಬಾವಿಯನ್ನು ನಂಬಿದ ತೋಟದ ಪಾಡು ಒಕ್ಕಲಿಗನಿಗೆ ಹೇಳಿಕೊಡಬೇಕಾಗಿಲ್ಲ. ಆದುದರಿಂದ ನಂಬಿಕೆಯೊಂದೇ ಸಾಲದು, ಕೊಡುವವರೂ ಹಲವರಾಗಬೇಕು.

ನಮ್ಮ ಸಲಹೆ ಇಷ್ಟು. ಒಂದನೆಯದು, ಸಂಘದವರು ತಿಂಗಳಿಗೆ ಕೈಲಾದಷ್ಟು ಕೂಡಿಸಲಿ. ಸೊಲ್ಲಾಪುರ, ಪುಣೆಗಳಲ್ಲಿ ನೌಕರಿಯಲ್ಲಿರುವ ಊರ ಮಕ್ಕಳೂ ನೀರಾವರಿಯುಳ್ಳ ಹಿಡುವಳಿದಾರರೂ ಅಷ್ಟೇ ಹಣವನ್ನು ಅದೇ ಪೆಟ್ಟಿಗೆಗೆ ಹಾಕಲಿ. ಎರಡನೆಯದು, ಒಂದು ಹಂಗಾಮಿಗಲ್ಲ, ಐದು ವರುಷಕ್ಕೆ ಮಾತು ಕೊಡಲಿ. ತೊಗರಿಯಂತೆ ಆರು ತಿಂಗಳಿಗೆ ಬರುವ ಫಸಲು ಇದಲ್ಲ. ಮೂರನೆಯದು, ಖರ್ಚು ಯಾವುದಕ್ಕೆಂಬುದನ್ನು ಸಂಘವೇ ಗೊತ್ತುಮಾಡಲಿ. ನಾಲ್ಕನೆಯದು, ಲೆಕ್ಕವನ್ನು ಕನ್ನಡದಲ್ಲಿ ಬರೆದು ತಿಂಗಳಿಗೊಮ್ಮೆ ಎಲ್ಲರ ಮುಂದೆ ಓದಲಿ.

ಹಣ ಪೋಲಾದರೆ ಏನು ಗತಿ ಎನ್ನುವವರಿದ್ದಾರೆ. ಗಟ್ಟಿಯಾಗಿ ಓದಿದ ಲೆಕ್ಕಕ್ಕಿಂತ ಒಳ್ಳೆಯ ಕಾವಲು ನಾವು ಕಂಡಿಲ್ಲ. ಹತ್ತು ಷರತ್ತು ಹಾಕಿದರೆ ಕಳ್ಳನು ಹನ್ನೊಂದನೆಯ ದಾರಿ ಹುಡುಕುತ್ತಾನೆ. ನಿಲ್ಲುವುದು ಪ್ರಾಮಾಣಿಕಳ ಕೆಲಸ ಮಾತ್ರ.

ಮುಯ್ಯಾಳಿಗೆ ಹೋದವರು ಬರೆಸಿಕೊಂಡು ಹೋಗುವುದಿಲ್ಲ, ಆದರೂ ಮುಯ್ಯಿ ತೀರುತ್ತದೆ. ಒಕ್ಕಲಿಗ ಬಾಂಧವರು ಈ ಸಂಪ್ರದಾಯವನ್ನು ಹೊಲದಿಂದ ಸಂಘದ ಪೆಟ್ಟಿಗೆಗೂ ತರಬೇಕು. ಬರುವ ಸುಗ್ಗಿಯಲ್ಲಿ ಕಣದಿಂದ ರಾಶಿ ಮನೆಗೆ ಬರುವ ಮುನ್ನ ಒಂದು ಮೊರ ಕಾಳನ್ನು ಈ ಪೆಟ್ಟಿಗೆಯ ಹೆಸರಿಗೆ ತೆಗೆದಿಟ್ಟರೆ ಆರಂಭಕ್ಕೆ ಸಾಕು.