ಶರೀರದ ನೆನಪಿನ ಶಕ್ತಿ

ದಡಾರವು ಮಕ್ಕಳಿಗೆ ಒಮ್ಮೆ ಬಂದುಹೋಗುವುದೇ ಒಳ್ಳೆಯದು, ಮತ್ತೆ ಬರುವುದಿಲ್ಲ ಎಂಬ ಮಾತನ್ನು ಅನೇಕ ಮನೆಗಳಲ್ಲಿ ಕೇಳುತ್ತೇವೆ. ಈ ಮಾತಿನ ಅರ್ಧಭಾಗ ನಿಜ, ಉಳಿದರ್ಧ ಅಪಾಯಕಾರಿ.

ನಿಜವಾದ ಭಾಗಕ್ಕೆ 1846ರಲ್ಲಿಯೇ ಪುರಾವೆ ದೊರೆಯಿತು. ಆ ವರ್ಷ ಉತ್ತರ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಲ್ಲಿ ದಡಾರ ಹರಡಿ, ಸುಮಾರು 7,800 ನಿವಾಸಿಗಳಲ್ಲಿ 6,000 ಮಂದಿ ಹಾಸಿಗೆ ಹಿಡಿದರು. ಅಲ್ಲಿಗೆ ಹೋದ ಡೆನ್ಮಾರ್ಕಿನ ತರುಣ ವೈದ್ಯ ಪೀಟರ್ ಪಾನಮ್ ಒಂದು ವಿಶೇಷವನ್ನು ಗಮನಿಸಿದನು. 1781ರಲ್ಲಿ ಬಾಲ್ಯದಲ್ಲಿಯೇ ದಡಾರ ಬಂದಿದ್ದ ವೃದ್ಧರಲ್ಲಿ ಒಬ್ಬರಿಗೂ ಅದು ಮರಳಿ ಬರಲಿಲ್ಲ. ಶರೀರವು 65 ವರ್ಷಗಳ ಹಿಂದಿನ ಶತ್ರುವನ್ನು ಮರೆತಿರಲಿಲ್ಲ!

ಈ ನೆನಪು ಇರುವುದೆಲ್ಲಿ? ನಮ್ಮ ಅಸ್ಥಿಮಜ್ಜೆಯಲ್ಲಿ ಬಿ-ಕೋಶಗಳೆಂಬ ಬಿಳಿ ರಕ್ತಕಣಗಳು ಹುಟ್ಟುತ್ತವೆ. ಪ್ರತಿಯೊಂದು ಕೋಶದ ಮೈಮೇಲೆ ಒಂದೇ ಬಗೆಯ ಗ್ರಾಹಕಗಳಿರುತ್ತವೆ. ಒಂದು ಬೀಗಕ್ಕೆ ಒಂದೇ ಕೀಲಿಕೈ ಹೊಂದುವಂತೆ ಅವು ಒಂದು ಆಕಾರಕ್ಕೆ ಮಾತ್ರ ಹೊಂದುತ್ತವೆ. ರೋಗಾಣುವಿನಲ್ಲಿ ಹೀಗೆ ಗುರುತಿಗೆ ಸಿಕ್ಕುವ ಭಾಗಕ್ಕೆ ಪ್ರತಿಜನಕವೆಂದು ಹೆಸರು. ಮಿತವಾದ ಅಕ್ಷರಗಳಿಂದ ಅಸಂಖ್ಯ ಪದಗಳಾಗುವಂತೆ, ಮಿತವಾದ ಜೀನ್ ತುಣುಕುಗಳು ಬೇರೆ ಬೇರೆಯಾಗಿ ಜೋಡಣೆಗೊಂಡು ಕೋಟ್ಯಂತರ ಬಗೆಯ ಗ್ರಾಹಕಗಳಾಗುತ್ತವೆ. ಇದನ್ನು ತೋರಿಸಿಕೊಟ್ಟ ಜಪಾನಿನ ಸುಸುಮು ಟೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಆಶ್ಚರ್ಯವೆಂದರೆ, ಈ ಸಿದ್ಧತೆಯೆಲ್ಲ ರೋಗಾಣು ಒಳಬರುವ ಮೊದಲೇ ನಡೆದಿರುತ್ತದೆ.

ರೋಗಾಣು ಬಂದಾಗ ಅದಕ್ಕೆ ಹೊಂದುವ ಕೋಶ ಎಚ್ಚರಗೊಂಡು, ಟಿ-ಕೋಶಗಳ ನೆರವಿನಿಂದ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. ಗಂಟಲು ಬೇನೆಯಲ್ಲಿ ಕತ್ತಿನಲ್ಲಿ ಗಂಟು ಏಳುವುದು ಇಂಥ ಬೆಳವಣಿಗೆಯ ಗುರುತು. ಹೀಗೆ ಬೆಳೆದ ಕೋಶಗಳಲ್ಲಿ ಕೆಲವು ಸೆಕೆಂಡಿಗೆ ಸಾವಿರಾರು ಪ್ರತಿಕಾಯಗಳನ್ನು ರಕ್ತಕ್ಕೆ ಬಿಡುತ್ತವೆ. ಇವು ರೋಗಾಣುವಿಗೆ ಅಂಟಿಕೊಂಡು ಅದು ಜೀವಕೋಶದೊಳಗೆ ನುಗ್ಗದಂತೆ ತಡೆಯುತ್ತವೆ. ಅದನ್ನು ನುಂಗಿಹಾಕುವಂತೆ ಬೇರೆ ಬಿಳಿ ಕಣಗಳಿಗೆ ಸೂಚನೆಯನ್ನೂ ಕೊಡುತ್ತವೆ. ಮೊದಲ ಬಾರಿ ಇಷ್ಟಕ್ಕೆಲ್ಲ ವಾರವೋ ಅದಕ್ಕೂ ಹೆಚ್ಚು ಕಾಲವೋ ಬೇಕು. ಆದರೆ ಕೆಲವು ಕೋಶಗಳು ನೆನಪಿನ ಕೋಶಗಳಾಗಿ ಉಳಿಯುವುದರಿಂದ ಎರಡನೆಯ ಬಾರಿ ಉತ್ತರ ಬಹುಬೇಗ ದೊರೆಯುತ್ತದೆ.

ಇನ್ನು ಅಪಾಯದ ಮಾತು. ದಡಾರದ ವೈರಸ್ಸು ಈ ನೆನಪಿನ ಕೋಶಗಳನ್ನೇ ಹೊಕ್ಕು ನಾಶಮಾಡುತ್ತದೆ. ನೆದರ್ಲೆಂಡ್ಸಿನಲ್ಲಿ ಲಸಿಕೆ ಪಡೆಯದ ಮಕ್ಕಳ ರಕ್ತವನ್ನು ದಡಾರಕ್ಕೆ ಮೊದಲೂ ಅನಂತರವೂ ಪರೀಕ್ಷಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಆ ಮಕ್ಕಳು ಇತರ ರೋಗಗಳ ವಿರುದ್ಧ ಗಳಿಸಿದ್ದ ಪ್ರತಿಕಾಯಗಳಲ್ಲಿ ಶೇಕಡಾ 11ರಿಂದ 73ರಷ್ಟನ್ನು ಕಳೆದುಕೊಂಡಿದ್ದರು. ದಡಾರವು ತನ್ನ ನೆನಪನ್ನು ಉಳಿಸಿ, ಉಳಿದವುಗಳ ನೆನಪನ್ನು ಅಳಿಸುತ್ತದೆ. ಲಸಿಕೆಯಲ್ಲಿರುವ ದುರ್ಬಲಗೊಳಿಸಿದ ವೈರಸ್ಸಿನಿಂದ ಈ ಹಾನಿಯಿಲ್ಲ. ನೆನಪು ಮಾತ್ರ ಲಾಭ.

ಹಾಗಾದರೆ ಲಸಿಕೆಯನ್ನು ಹುಟ್ಟಿದೊಡನೆ ಏಕೆ ಕೊಡುವುದಿಲ್ಲ? ಗರ್ಭದಲ್ಲಿರುವಾಗ ಮಾಸಿನ ಮೂಲಕ ಬಂದ ತಾಯಿಯ ಪ್ರತಿಕಾಯಗಳು ಕೆಲವು ತಿಂಗಳು ಮಗುವನ್ನು ಕಾಯುತ್ತವೆ. ಅವೇ ಲಸಿಕೆಯ ವೈರಸ್ಸನ್ನೂ ಅಡಗಿಸಿಬಿಡುತ್ತವೆ. ಆದುದರಿಂದ ನಮ್ಮ ದೇಶದಲ್ಲಿ ಮೊದಲ ಚುಚ್ಚುಮದ್ದು 9 ತಿಂಗಳು ತುಂಬಿದ ಮೇಲೆ. ಆಗಲೂ ನೂರರಲ್ಲಿ ಸುಮಾರು 15 ಮಕ್ಕಳಲ್ಲಿ ಅದು ಫಲಿಸದು. ಅಂಥವರಿಗಾಗಿಯೇ 16ರಿಂದ 24 ತಿಂಗಳೊಳಗೆ ಎರಡನೆಯದು. ಯಾವ ಮಗುವಿನಲ್ಲಿ ಫಲಿಸಿತು, ಯಾವುದರಲ್ಲಿ ಇಲ್ಲ ಎಂಬುದು ಮುಖ ನೋಡಿ ತಿಳಿಯುವಂಥದಲ್ಲ. "ಒಂದು ಹಾಕಿಸಿದ್ದೇವೆ, ಮಗು ಚೆನ್ನಾಗಿದೆ" ಎಂದು ಸುಮ್ಮನಿರುವುದು ಸಲ್ಲದು.

ತಾಯಂದಿರು ಇಂದೇ ಮಗುವಿನ ಲಸಿಕೆಯ ಕಾರ್ಡನ್ನು ತೆಗೆದು ನೋಡಲಿ. ಎರಡನೆಯ ದಿನಾಂಕದ ಜಾಗ ಖಾಲಿಯಿದ್ದರೆ ಸಮೀಪದ ಆರೋಗ್ಯ ಕೇಂದ್ರಕ್ಕೆ ಹೋಗಿ ವಿಚಾರಿಸಲಿ. ಸರ್ಕಾರಿ ಕೇಂದ್ರಗಳಲ್ಲಿ ಈ ಲಸಿಕೆ ಉಚಿತ.