ಚಂಡಶಾಸನನದು ಪ್ರೇಮವೇ?

ಜನ್ನನ ‘ಅನಂತನಾಥ ಪುರಾಣ’ದ (1230) ಚಂಡಶಾಸನನನ್ನು ದುರಂತಪ್ರೇಮಿಯೆಂದು ಕೊಂಡಾಡುವ ವಿಮರ್ಶೆ ಸುನಂದೆಯನ್ನು ಮರೆತೇಬಿಡುತ್ತದೆ. ಅತಿಥಿಯಾಗಿ ಬಂದವನು ಗೆಳೆಯ ವಸುಷೇಣನ ಮಡದಿಯನ್ನೇ ಹೊತ್ತೊಯ್ದ. ಆಕೆ ಒಲಿಯಲಿಲ್ಲ. ಗಂಡನದೆಂದು ಹುಸಿ ರುಂಡವೊಂದನ್ನು ತೋರಿಸಿದ. ಆಕೆ ಎದೆಯೊಡೆದು ಸತ್ತಳು. ಆಯುಧ ಮೈಮುಟ್ಟಲಿಲ್ಲ, ನಿಜ. ಇನ್ನು ನಿನಗೆ ಬೇರೆ ಆಸರೆಯಿಲ್ಲವೆಂದು ನಂಬಿಸಿ ಮಣಿಸುವುದೇ ಆ ರುಂಡದ ಕೆಲಸ. ಬಲವಂತವೆಂದರೆ ಇದೇ. ಇಂಥ ಭಾವನಾತ್ಮಕ ಪೀಡನೆಯನ್ನು ಭಾರತದ ಕಾನೂನು ಕೌಟುಂಬಿಕ ಹಿಂಸೆಯೆಂದು ಹೆಸರಿಸಿದ್ದು 2005ರಲ್ಲಿ. ಜೈನಶಾಸ್ತ್ರವಾದರೋ ಮನೋವಾಕ್ಕಾಯಗಳ ಹಿಂಸೆಯನ್ನು ಕೃತ, ಕಾರಿತ, ಅನುಮೋದಿತವೆಂದು ಎಂದೋ ವಿಂಗಡಿಸಿತ್ತು. ಹಾಗಾದರೆ ಇದನ್ನು ಪ್ರೇಮವೆಂದು ಹೊಗಳಿ ಪಾಠ ಹೇಳುವುದು ಅನುಮೋದನೆಯಲ್ಲದೆ ಮತ್ತೇನು? ಸುನಂದೆಯ ಚಿತೆಗೆ ಅವನೂ ಬಿದ್ದನಲ್ಲ ಎಂಬ ಸಮರ್ಥನೆಯುಂಟು. ಬಿದ್ದ. ಒಲ್ಲೆನೆಂದವಳನ್ನು ಚಿತೆಯಲ್ಲೂ ಒಂಟಿಯಾಗಿ ಇರಗೊಡಲಿಲ್ಲ.